ಮೇಷ್ಟ್ರ ಘಾಟಿ ತಿರುವು

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಕಾರ್ಡಿಯನ್ ಮೇಷ್ಟ್ರ ವಿಷಯ ಎತ್ತಿದರೆ ಇವತ್ತಿಗೂ ಒಂದೇ ಕಥೆ ಹೊರಬೀಳುತ್ತದೆ. ಮೇಷ್ಟ್ರು ದೊಡ್ಡ ಕಲಾವಿದರು. ಅವರ ಕೈಕೆಳಗೆ ಕಲಿತ ಹುಡುಗನೊಬ್ಬ ಕೀಬೋರ್ಡ್ ತಂದ. ಮೇಷ್ಟ್ರ ಅಕಾರ್ಡಿಯನ್ನಿನ ನಾದವನ್ನೆಲ್ಲ ಅದರೊಳಗೆ ತುಂಬಿಕೊಂಡ. ಆಮೇಲೆ ಮೇಷ್ಟ್ರನ್ನು ಯಾರೂ ಕರೆಯಲಿಲ್ಲ. ಅದೇ ಕೊರಗಿನಲ್ಲಿ ಹೋಗಿಬಿಟ್ಟರು. ಹೇಳಿದವರು ಕೊನೆಗೆ ‘ಪಾಪ’ ಅನ್ನುತ್ತಾರೆ. ಕೇಳಿದವರೂ ‘ಪಾಪ’ ಅನ್ನುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ.

ನನಗೆ ಈ ಕಥೆಯ ಮೇಲೆ ತಕರಾರಿದೆ. ಸುಳ್ಳು ಅಂತಲ್ಲ. ಕೊನೆಯದೊಂದನ್ನು ಬಿಟ್ಟರೆ ಇದರ ಒಂದೊಂದು ವಾಕ್ಯವೂ ನಿಜವೇ. ಆದರೆ ನಿಜವಾದ ವಾಕ್ಯಗಳನ್ನೇ ಸಾಲಾಗಿ ನಿಲ್ಲಿಸಿ ತಪ್ಪು ತೀರ್ಮಾನಕ್ಕೆ ಹೇಗೆ ಬರಬಹುದು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ಚರ್ಚಾ ಸ್ಪರ್ಧೆಗಳಲ್ಲಿ ಅದನ್ನು ಮಾಡಿಯೇ ಕಪ್ ಗೆದ್ದವಳು ನಾನು. ಇನ್ನೊಂದು ಮಾತು. ನಾದ ತುಂಬಿಕೊಂಡ ಅನ್ನುತ್ತಾರಲ್ಲ, ಆ ಮಧ್ಯಾಹ್ನ ಆ ಕೋಣೆಯಲ್ಲಿ ನಾನಿದ್ದೆ. ಈ ಕಥೆ ಹೇಳುವವರಲ್ಲಿ ಒಬ್ಬರೂ ಇರಲಿಲ್ಲ.

ಇದೆಲ್ಲ ಈಗ ನೆನಪಾಗಿದ್ದು ಒಂದು ವಾಸನೆಯಿಂದ. ಹೋದ ತಿಂಗಳು ನನ್ನ ತಮ್ಮನ ಮೊಬೈಲ್ ನೀರಿನ ಬಕೆಟ್ಟಿಗೆ ಬಿತ್ತು. ಅವನು ಅಂಗಡಿಗೆ ಓಡುವ ಮೊದಲೇ ಅಮ್ಮ ಬಾಣಲೆಯಲ್ಲಿ ಅಕ್ಕಿ ಹುರಿದು, ಆರಿಸಿ, ಅದರೊಳಗೆ ಮೊಬೈಲನ್ನು ಹುಗಿದಿಟ್ಟಳು. “ಮೇಷ್ಟ್ರ ಪೆಟ್ಟಿಗೆಗೇ ನಡೀತಿತ್ತು, ನಿನ್ ಮೊಬೈಲ್ ಏನ್ ಮಹಾ?” ಅಂದಳು. ಬೆಚ್ಚಗಿನ ಹುರಿದಕ್ಕಿಯ ವಾಸನೆ... ನಾನು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟೆ.

ಮೇಷ್ಟ್ರ ಪೆಟ್ಟಿಗೆ ತೆರೆದರೆ ಮೊದಲು ಬರುತ್ತಿದ್ದದ್ದು ಇದೇ ವಾಸನೆ. ಎದೆಗೆ ತಗಲಿಸಿಕೊಂಡು ನುಡಿಸುವ ಅಕಾರ್ಡಿಯನ್ನಿನ (ಅದನ್ನೂ ನಾವು ಪೆಟ್ಟಿಗೆ ಅಂತಲೇ ಅನ್ನುತ್ತಿದ್ದೆವು) ಹೊಟ್ಟೆಯೊಳಗೆ ಒಂದೊಂದು ಸ್ವರಕ್ಕೂ ಉಕ್ಕಿನ ಸಣ್ಣ ಸಣ್ಣ ನಾಲಿಗೆಗಳಿರುತ್ತವೆ; ರೀಡು ಅನ್ನುತ್ತಾರೆ. ನಡುವಿನ ಮಡಿಕೆ ಮಡಿಕೆಯ ತಿದಿ ಎಳೆದಾಗ, ಒತ್ತಿದಾಗ ಗಾಳಿ ನುಗ್ಗಿ ಅವು ಅದುರುತ್ತವೆ, ಸ್ವರ ಬರುತ್ತದೆ. ನಮ್ಮ ಕಡೆಯ ಹವೆಯಲ್ಲಿ ಉಕ್ಕಿನ ಗತಿ ಏನು ಎನ್ನುವುದನ್ನು ಮನೆಯ ಬಾಗಿಲಿನ ಕೀಲು ನೋಡಿದವರಿಗೆ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು, ಅಕ್ಕಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ನಾಲ್ಕು ಮೂಲೆಗೂ ಇಡುತ್ತಿದ್ದರು. ಗಂಟು ತೇವ ಕುಡಿದು ತಣ್ಣಗಾದರೆ ಬಿಚ್ಚಿ ಮತ್ತೆ ಹುರಿಯುವುದು. ಸೆಪ್ಟೆಂಬರ್ ಕಳೆಯುವವರೆಗೆ ಆ ವಾದ್ಯವನ್ನು ಯಾರೂ ಮುಟ್ಟುವಂತಿರಲಿಲ್ಲ, ಮೇಷ್ಟ್ರೂ ಮುಟ್ಟುತ್ತಿರಲಿಲ್ಲ.

ಅಂಥ ಊರಿಗೆ ಒಬ್ಬ ಅಕಾರ್ಡಿಯನ್ ಕಲಾವಿದರು ಯಾಕೆ ಬಂದರು? ಬಂದದ್ದಲ್ಲ, ವಾಪಸ್ ಬಂದದ್ದು. ಅವರು ಹುಟ್ಟಿದ್ದು ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ. ಅವರಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್. ಬಿಳಿಯರ ಕಾಲದ ಒಂದು ಸಣ್ಣ ಅಕಾರ್ಡಿಯನ್ ಪ್ಲಾಂಟರುಗಳ ಕ್ಲಬ್ಬಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತಂತೆ. ಅದನ್ನು ಮನೆಗೆ ತಂದು ಶುರುಮಾಡಿದ ಕೈ ಹಾಸನದ ಆರ್ಕೆಸ್ಟ್ರಾಗಳಿಗೆ ಹೋಯಿತು, ಮೈಸೂರಿಗೆ ಹೋಯಿತು, ಕೊನೆಗೆ ಬೆಂಗಳೂರಿನ ರೆಕಾರ್ಡಿಂಗ್ ಥಿಯೇಟರುಗಳಲ್ಲಿ ವರ್ಷಗಟ್ಟಲೆ ಕೂತಿತು. ಹಾಡಿನ ಚರಣಕ್ಕೂ ಚರಣಕ್ಕೂ ನಡುವೆ ಬರುವ ಸಂಗೀತ ಅವರದ್ದು. ಹಾಡು ಎಲ್ಲರಿಗೂ ಗೊತ್ತು, ನುಡಿಸಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ಆ ಥಿಯೇಟರುಗಳಿಗೆ ಕೀಬೋರ್ಡ್ ಬಂತು. ಒಂದೇ ಯಂತ್ರದಲ್ಲಿ ಪಿಟೀಲು, ಕೊಳಲು, ಅಕಾರ್ಡಿಯನ್ ಎಲ್ಲ ಸಿಗುವಾಗ ಒಂದೊಂದಕ್ಕೂ ಒಬ್ಬೊಬ್ಬ ಮನುಷ್ಯನನ್ನು ಯಾರು ಕರೆಯುತ್ತಾರೆ? ಮೇಷ್ಟ್ರು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದರು.

ಈ ಅಂಶವನ್ನು ಓದುಗರು ಗಮನಿಸಬೇಕು. ಬಸ್‌ಸ್ಟ್ಯಾಂಡಿನ ಕಥೆಯಲ್ಲಿ ಇದು ಇರುವುದೇ ಇಲ್ಲ. ಕೀಬೋರ್ಡ್ ಅಂದರೆ ಏನು, ಅದು ಬಂದರೆ ಏನಾಗುತ್ತದೆ ಎನ್ನುವುದು ಮೇಷ್ಟ್ರಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಿತ್ತು. ಒಂದು ಸಲ ಸೋತು ಬಂದಿದ್ದರು.

ಆದರೆ ಇಲ್ಲಿ ಅವರು ಸೋತವರ ಹಾಗೆ ಇರಲಿಲ್ಲ. ಆಲೂರಿನ ಕಾಲೇಜು ಮೈದಾನವಿರಲಿ, ಹೆತ್ತೂರಿನ ಜಾತ್ರೆ ಪೆಂಡಾಲಿರಲಿ, ಅವರನ್ನು ಕರೆದರೆ ಜನ ಸೇರುತ್ತಿದ್ದದ್ದು ‘ಮೇಷ್ಟ್ರ ರೈಲಿ’ಗೆ. ತಿದಿಯನ್ನು ಸಣ್ಣಗೆ ನಡುಗಿಸುತ್ತ ಗೂಡ್ಸ್ ರೈಲು ಘಾಟಿ ಹತ್ತುವ ಸದ್ದು ತರುತ್ತಿದ್ದರು: ಮೊದಲು ದೂರದ ಏದುಸಿರು, ಸುರಂಗದೊಳಗೆ ಹೊಕ್ಕಾಗ ಮಂಕು, ಸೇತುವೆಯ ಮೇಲೆ ಟಕಟಕ, ಆಮೇಲೆ ಸ್ಟೇಷನ್ನಿನಲ್ಲಿ ನಿಂತು ಬಿಡುವ ಉದ್ದನೆಯ ಉಸಿರು. ಹಳಿ ಬದಲಾಯಿಸುತ್ತೇವೆ ಅಂತ ನಿಜವಾದ ರೈಲನ್ನು ನಿಲ್ಲಿಸಿದ್ದ ವರ್ಷಗಳು ಅವು. “ನಮ್ಮೂರಿಗೆ ಬರೋದು ಒಂದೇ ರೈಲು ಕಣ್ರೀ, ಅದೂ ಮೇಷ್ಟ್ರು ಬಿಟ್ರೆ” ಅಂತ ಜನ ನಗುತ್ತಿದ್ದರು. ಎರಡು ಕೈ, ಒಂದು ಪೆಟ್ಟಿಗೆ, ಅಷ್ಟೇ. ಕಣ್ಣು ಮುಚ್ಚಿದರೆ ಪ್ಲಾಟ್‌ಫಾರಂ ಅಂಚಿನಿಂದ ಹಿಂದೆ ಸರಿಯಬೇಕು ಅನ್ನಿಸುತ್ತಿತ್ತು.

ನಾನು ಅವರ ಹತ್ತಿರ ಸೇರಿದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ಅಪ್ಪ ಹಾನುಬಾಳಿನಲ್ಲಿ ಜೀಪು ಓಡಿಸುತ್ತಿದ್ದರು. ಮನೆಯಲ್ಲಿ ನನ್ನ ವಾದ ತಡೆಯಲಾರದೆ ಅಮ್ಮ ಭಾನುವಾರಕ್ಕೊಂದು ದಾರಿ ಹುಡುಕಿದಳು. ಕೈಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಾಗುತ್ತದೆ ಎಂಬುದು ಅವಳ ಅಂದಾಜು. ಅಂದಾಜು ತಪ್ಪಿತು.

ಪಾಠ ನಡೆಯುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದೆ, ತಗಡು-ಮೊಳೆ ಮಾರುವ ಅಂಗಡಿಯ ಮಹಡಿಯಲ್ಲಿ. ಪಕ್ಕದಲ್ಲೇ ಅಡುಗೆಮನೆ, ಹಿಂದೆ ಮೇಷ್ಟ್ರ ಸಂಸಾರ. ಮಳೆಗಾಲದಲ್ಲಿ ಕಲಿಸುವ ಕ್ರಮವೇ ಬೇರೆ. ಹಲಸಿನ ಹಲಗೆಯ ಮೇಲೆ ಕಪ್ಪು-ಬಿಳಿ ಬಣ್ಣದಲ್ಲಿ ಕೀಗಳನ್ನು ಬರೆದಿಟ್ಟಿದ್ದರು. ಅದರ ಮೇಲೆ ಬೆರಳಾಡಿಸಿ ಸ್ವರವನ್ನು ಬಾಯಲ್ಲಿ ಹೇಳುವುದು. ತಿದಿಯ ಅಭ್ಯಾಸಕ್ಕೆ ಕೊಡೆ. ಹೌದು, ಕೊಡೆ. ಎಡಗೈಯಲ್ಲಿ ಕೊಡೆಯನ್ನು ಒಂದೇ ವೇಗದಲ್ಲಿ ನಿಧಾನವಾಗಿ ಬಿಚ್ಚಬೇಕು, ಅದೇ ವೇಗದಲ್ಲಿ ಮಡಚಬೇಕು; ಎಲ್ಲೂ ಜರ್ಕ್ ಹೊಡೆಯಬಾರದು. ಮೆಟ್ಟಿಲು ಹತ್ತಿ ಬರುವ ಅಂಗಡಿಯ ಗಿರಾಕಿಗಳು ಒಂದು ಕೋಣೆ ತುಂಬ ಮಕ್ಕಳು ಕೊಡೆ ಬಿಚ್ಚಿ ಮಡಚುತ್ತ ‘ಸ ರಿ ಗ’ ಅನ್ನುವುದನ್ನು ನೋಡಿ ಸದ್ದಿಲ್ಲದೆ ಇಳಿದು ಹೋಗುತ್ತಿದ್ದರು.

ಮಳೆ ನಿಂತ ಮೇಲೆ ವಾದ್ಯ ಕೈಗೆ ಬರುತ್ತಿತ್ತು. ನಮಗೆ ಕೊಡುತ್ತಿದ್ದದ್ದು ಕ್ಲಬ್ಬಿನ ಆ ಹಳೇ ಸಣ್ಣ ಪೆಟ್ಟಿಗೆ. ಮರಿ ಅಂತ ಅದರ ಹೆಸರು. ದೊಡ್ಡದು ಮೇಷ್ಟ್ರದ್ದು, ಅವರೊಬ್ಬರೇ ನುಡಿಸುವಂಥದ್ದು. ನಮ್ಮಲ್ಲೆಲ್ಲ ಮುಂದೆ ಇದ್ದದ್ದು ಒಬ್ಬ ಅಣ್ಣ. ಆಲೂರು ಕಡೆಯವನು, ಮನೆಯಲ್ಲಿ ಶುಂಠಿ-ಜೋಳದ ಬೇಸಾಯ, ಕಾಲೇಜು ಬಿಟ್ಟು ಆರ್ಕೆಸ್ಟ್ರಾ ಕಟ್ಟುವ ಹುಚ್ಚು ಹಿಡಿದಿತ್ತು. ಅದಕ್ಕೇ ಆರ್ಕೆಸ್ಟ್ರಾ ಅಣ್ಣ ಎನ್ನುತ್ತಿದ್ದೆವು. ಮೇಷ್ಟ್ರು ನುಡಿಸಿದ್ದನ್ನು ಒಂದೇ ಸಲ ಕೇಳಿ ಹಾಗೇ ನುಡಿಸುತ್ತಿದ್ದ. ಎಷ್ಟು ಹಾಗೇ ಅಂದರೆ, ಮೇಷ್ಟ್ರು ತಲೆ ಯಾವ ಕಡೆ ವಾಲಿಸುತ್ತಿದ್ದರೋ ಇವನೂ ಆ ಕಡೆಯೇ ವಾಲಿಸುತ್ತಿದ್ದ. ಊರವರು ಕಳ್ಳ ಅನ್ನುವುದು ಇವನನ್ನೇ.

ಇನ್ನು ಘಾಟಿ ತಿರುವಿನ ವಿಷಯ. ಮೇಷ್ಟ್ರು ನುಡಿಸುವ ರೀತಿಯಲ್ಲಿ ಒಂದು ಗುರುತಿತ್ತು. ಸ್ವರ ಮೇಲಕ್ಕೆ ಏರುತ್ತ ಏರುತ್ತ ‘ದ’ಕ್ಕೆ ಬಂತೆಂದರೆ, ಮುಂದಿನ ‘ನಿ’ಗೆ ಹೋಗದೆ ಒಂದು ಸುತ್ತು ಸುತ್ತಿ ನೇರ ಮೇಲಿನ ‘ಸ’ಕ್ಕೆ ಹಾರುತ್ತಿದ್ದರು. ಇಳಿಯುವಾಗಲೂ ಹಾಗೇ, ಒಂದು ಬಳಸು. ಕೇಳಲು ಬಹಳ ಚಂದ. ಘಾಟಿ ರಸ್ತೆಯಲ್ಲಿ ಬಸ್ಸು ತಿರುಗುವಾಗ ಹೊಟ್ಟೆಯೊಳಗೆ ಏನೋ ಆಗುತ್ತದಲ್ಲ, ಹಾಗೆ. ಅದಕ್ಕೆ ಘಾಟಿ ತಿರುವು ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಸಮಾರಂಭಗಳಲ್ಲಿ ಭಾಷಣಕಾರರು ‘ನಮ್ಮ ಬೆಟ್ಟಗಳ ಏರಿಳಿತವನ್ನು ಸ್ವರದಲ್ಲಿ ತಂದವರು’ ಎಂದು ಹೊಗಳುತ್ತಿದ್ದರು. ನಾವು ಕಲಿತವರೆಲ್ಲರೂ, ಹೆತ್ತೂರಿನ ಎಸ್ಟೇಟು ಮಕ್ಕಳಿಂದ ಹಿಡಿದು ನನ್ನವರೆಗೆ, ಆ ‘ನಿ’ಯನ್ನು ಬಿಟ್ಟು ನುಡಿಸುವುದನ್ನೇ ಸಂಗೀತ ಅಂದುಕೊಂಡಿದ್ದೆವು. ಹಲಗೆಯ ಮೇಲೂ ಬಿಡುತ್ತಿದ್ದೆವು.

ಒಂದು ಭಾನುವಾರ ಮರಿಯ ಮೇಲೆ ನಾನು ಆ ‘ನಿ’ಯನ್ನು ನೇರವಾಗಿ ಒತ್ತಿದೆ. ಬೇಕಂತಲೇ. ಅದು ಸರಿಯಾಗೇ ನುಡಿಯಿತು. ಕೋಣೆಯಲ್ಲೆಲ್ಲ ನಗು.

“ಏಯ್, ತಪ್ಪು ಕಣೇ. ಅಲ್ಲಿ ತಿರುವು ಹಾಕ್ಬೇಕು” ಅಂದ ಆರ್ಕೆಸ್ಟ್ರಾ ಅಣ್ಣ.

“ಯಾಕೆ ಹಾಕ್ಬೇಕು?”

“ಮೇಷ್ಟ್ರು ಹಾಕ್ತಾರೆ, ಅದಕ್ಕೆ.”

“ಅದು ಕಾರಣ ಅಲ್ಲ. ಹಾಡಿನಲ್ಲಿ ನಿ ಐತೆ. ಹಾಡೋರು ಹಾಡ್ತಾರೆ. ನಾವ್ಯಾಕೆ ಬಿಡ್ಬೇಕು?”

“ನೋಡ್ರೀ ಮೇಷ್ಟ್ರೇ, ಲಾಯರಮ್ಮ ಶುರು ಹಚ್ಕಂಡ್ಲು.”

ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಸಾಮಾನ್ಯವಾಗಿ ನನ್ನ ಪ್ರಶ್ನೆಗೆ ಒಂದು ತಮಾಷೆಯಾದರೂ ಬರುತ್ತಿತ್ತು. ಅವತ್ತು ಬರಲಿಲ್ಲ. “ಮುಂದಿನದು ನುಡಿಸು” ಅಂದರು, ಅಷ್ಟೇ.

ಉತ್ತರ ಸಿಗದ ಪ್ರಶ್ನೆಯನ್ನು ಬಿಟ್ಟು ಮನೆಗೆ ಹೋಗುವ ಜಾಯಮಾನ ನನ್ನದಲ್ಲ. ಅಡುಗೆಮನೆಗೆ ಹೋದೆ. ಹಿಂದಿನ ದಿನ ಅಕಾಲದಲ್ಲಿ ಒಂದು ಮಳೆ ಬಂದಿತ್ತು, ಅಮ್ಮಾವ್ರು ಅಕ್ಕಿ ಹುರಿಯುತ್ತಿದ್ದರು.

“ಏನೇ ಅದು ಗಲಾಟೆ? ಆ ಮನುಷ್ಯನ್ನ ನಿಲ್ಸಿ ಕೇಳ್ತಾರೇನೇ ಹಂಗೆ?” ಅಂದರು.

“ತಪ್ಪೇನು ಅಮ್ಮಾವ್ರೇ ಕೇಳಿದ್ರಲ್ಲಿ?”

ಬಾಣಲೆ ಇಳಿಸಿ, ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. “ದೊಡ್ಡ ಪೆಟ್ಟಿಗೇಲಿ ಆ ನಿ ಮನೆ ರೀಡ್‌ಗೆ ತುಕ್ಕು ಹೊಡೆದು ಕಾಲ ಆಯ್ತು ಕಣವ್ವ. ಊರಿಗೆ ಬಂದ ಮೊದಲ್ನೇ ಮಳೇಲೇ. ಅಕ್ಕಿ ಇಕ್ಕದು ನಂಗಾಗ ಎಲ್ ಗೊತ್ತಿತ್ತು? ಇವ್ರೇ ಬಿಚ್ಚಿ ಅರ ಹಾಕಕ್ಕೋದ್ರು, ಇನ್ನೂ ಕೆಟ್ಟೋಗ್ಬುಡ್ತು. ಒತ್ತುದ್ರೆ ಕರ್ರ್ ಅಂತದೆ. ಅದುಕ್ಕೇ ಸುತ್ಕಂಡು ಹೋಯ್ತಾರೆ. ಜನ ಅದ್ನೇ ಚಂದ ಅಂದ್ರು. ಇವ್ರು ಸುಮ್ಕಾದ್ರು. ಯಾರ್‌ಗೂ ಹೇಳ್ಬ್ಯಾಡ.”

ನಾನು ಹೇಳಲಿಲ್ಲ. ವಾದ ಮಾಡುವವಳಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ ಅಂತ ಜನರ ನಂಬಿಕೆ. ಅದೂ ತಪ್ಪು. ಆದರೆ ಅವತ್ತಿನಿಂದ ವೇದಿಕೆಯ ಮೇಲೆ ಆ ತಿರುವು ಬಂದಾಗ ಜನರೆಲ್ಲ ‘ಆಹಾ’ ಅಂದರೆ ನನ್ನ ಕಣ್ಣು ಮೇಷ್ಟ್ರ ಮುಖದ ಮೇಲಿರುತ್ತಿತ್ತು. ಆ ‘ಆಹಾ’ದ ಹೊತ್ತಿಗೆ ಸರಿಯಾಗಿ ಅವರು ಪೆಟ್ಟಿಗೆಯ ಕಡೆ ಬಗ್ಗಿಬಿಡುತ್ತಿದ್ದರು. ತನ್ಮಯತೆ ಅಂತ ಜನ ಅಂದುಕೊಳ್ಳುತ್ತಿದ್ದರು.

ಅದಾಗಿ ಒಂದೆರಡು ವರ್ಷಕ್ಕೆ ಆರ್ಕೆಸ್ಟ್ರಾ ಅಣ್ಣ ಕೀಬೋರ್ಡ್ ತಂದ. ಮೈಕಿನ ಮುಂದೆ ಬಂದ ಯಾವ ಸದ್ದನ್ನಾದರೂ ಹಿಡಿದಿಟ್ಟುಕೊಂಡು ಕೀಗಳ ಮೇಲೆ ಕೂರಿಸುವ ಯಂತ್ರ. ನಾಯಿ ಬೊಗಳಿದ್ದನ್ನು ಹಿಡಿದು, ಅದರಲ್ಲೇ ‘ಸ ರಿ ಗ’ ನುಡಿಸಿ ನಮ್ಮನ್ನು ನಗಿಸಿದ್ದ. ಅಷ್ಟರಲ್ಲಿ ದೊಡ್ಡ ಪೆಟ್ಟಿಗೆಯಲ್ಲಿ ಇನ್ನೂ ಕೆಲವು ರೀಡುಗಳು ದನಿ ತೆಗೆಯಲು ಹಿಂದೇಟು ಹಾಕುತ್ತಿದ್ದವು. ಮೇಷ್ಟ್ರು ಅವಕ್ಕೂ ಒಂದೊಂದು ಬಳಸುದಾರಿ ಕಂಡುಕೊಳ್ಳುತ್ತಿದ್ದರು. ಆದರೆ ದಾರಿಗಳೇ ಜಾಸ್ತಿಯಾಗಿ ಊರು ಸಿಗದ ಹಾಗೆ... ಅದನ್ನು ರಿಪೇರಿ ಮಾಡುವವರು ನಮ್ಮ ಕಡೆ ಯಾರೂ ಇರಲಿಲ್ಲ. ಬೆಂಗಳೂರಿನಲ್ಲಿ ಇದ್ದ ಒಬ್ಬರೂ ತೀರಿಕೊಂಡಿದ್ದರಂತೆ.

ಈಗ ಆ ಮಧ್ಯಾಹ್ನ. ಕಾಫಿ ಕುಯ್ಲು ಮುಗಿಯುತ್ತ ಬಂದಿದ್ದ, ಕಣದಲ್ಲಿ ಹಣ್ಣು ಒಣಗುತ್ತಿದ್ದ ದಿನಗಳು. ವರ್ಷದಲ್ಲೇ ಹವೆ ಅತ್ಯಂತ ಒಣಗಿರುವ ಕಾಲ. ನಾನು ಮೆಟ್ಟಿಲು ಹತ್ತುವಾಗಲೇ ಕೆಳಗಿನ ಅಂಗಡಿಯವರು, “ಇವತ್ತು ತಗಡು ಕೊಯ್ಯಂಗಿಲ್ಲ ಅಂತ ಮೇಷ್ಟ್ರು ಆರ್ಡರ್ ಮಾಡವ್ರೆ ಕಣಮ್ಮ, ನಮ್ ವ್ಯಾಪಾರ ಬಂದ್” ಅಂದರು. ಮೇಲೆ ಹೋದರೆ ಹುರಿದಕ್ಕಿಯ ವಾಸನೆ. ಮಳೆಯೇ ಇಲ್ಲದ ಕಾಲದಲ್ಲಿ! ಬೆಳಿಗ್ಗೆಯಿಂದ ಪೆಟ್ಟಿಗೆಯನ್ನು ಬೆಚ್ಚಗೆ ಇಟ್ಟಿದ್ದರಂತೆ. ಮೇಷ್ಟ್ರು ಕಾರ್ಯಕ್ರಮದ ಬಿಳಿ ಶರ್ಟು ಹಾಕಿ, ಕಾಲರು ಗುಂಡಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಆರ್ಕೆಸ್ಟ್ರಾ ಅಣ್ಣ, ಅವನ ಕೀಬೋರ್ಡು, ಒಂದು ಮೈಕು.

ಇದು ಕಳ್ಳತನವೇ? ಕಳ್ಳನಿಗೆ ಯಾರಾದರೂ ಇಸ್ತ್ರಿ ಶರ್ಟು ಹಾಕಿ ಕಾಯುತ್ತಾರೆಯೇ? ತಗಡಿನ ಅಂಗಡಿ ಬಂದ್ ಮಾಡಿಸುತ್ತಾರೆಯೇ?

ಒಂದೊಂದೇ ಕೀ. ಮೇಷ್ಟ್ರು ಒತ್ತಿ ಉದ್ದಕ್ಕೆ ಎಳೆಯುವರು; ಅಣ್ಣ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ತಲೆಯಾಡಿಸುವನು. ಆಮೇಲೆ ಅದೇ ಕೀ, ತಿದಿ ಒತ್ತುತ್ತ ಇನ್ನೊಂದು ಸಲ.

“ಒಂದ್ ಸಲ ಸಾಕು ಮೇಷ್ಟ್ರೇ, ಎರಡೂ ಒಂದೇ ಸ್ವರ ಅಲ್ವಾ?”

“ಸ್ವರ ಒಂದೇ ಕಣೋ ಮಾರಾಯ. ಉಸಿರು ಬೇರೆ. ಎರಡೂ ತಗ.”

ಹಾಡಿಲ್ಲ, ತಾಳವಿಲ್ಲ, ರೈಲಿಲ್ಲ. ಅಷ್ಟು ದೊಡ್ಡ ಕಲಾವಿದರು ಅಭ್ಯಾಸಕ್ಕೆ ಕೂತ ಮಕ್ಕಳ ಹಾಗೆ ಒಂದೊಂದೇ ಕೀ ಒತ್ತುತ್ತ ಕೂತಿದ್ದರು. ದನಿ ತಡವಾಗಿ ಬರುವ ಕೀಗಳನ್ನು ಎರಡೆರಡು ಬಾರಿ ಗಾಳಿ ಕೊಟ್ಟು ಎಬ್ಬಿಸಿದರು. ಹೀಗೆ ಏರುತ್ತ ಏರುತ್ತ ‘ದ’ ಆಯಿತು. ಮೇಷ್ಟ್ರ ಬೆರಳು ನಿಂತಿತು. ನನಗೆ ಮುಂದಿನದು ಗೊತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮಾವ್ರಿಗೂ ಗೊತ್ತಿತ್ತು. ಅಣ್ಣನಿಗೆ ಗೊತ್ತಿರಲಿಲ್ಲ. ಅವನು ತನ್ನ ಪಾಡಿಗೆ ಬೆರಳನ್ನು ಮುಂದಿನ ‘ಸ’ದ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಅವನ ಕೈಗೂ ‘ನಿ’ಯ ನೆನಪಿರಲಿಲ್ಲ.

ಮೇಷ್ಟ್ರು ‘ನಿ’ ಒತ್ತಿದರು.

ಹಳೇ ಗೇಟು ಎಳೆದ ಹಾಗೆ ಒಂದು ಸದ್ದು. ಅದರ ಅಡಿಯಲ್ಲೆಲ್ಲೋ, ಗಮನಕೊಟ್ಟು ಕೇಳಿದರೆ, ಸ್ವರ.

ಅಣ್ಣ ಹೆಡ್‌ಫೋನ್ ತೆಗೆದ. ಮೈಕಿನ ತೊಂದರೆ ಇರಬೇಕು ಅಂತ ವೈರು ಅಲುಗಾಡಿಸಿದ. ಮೇಷ್ಟ್ರು ಮತ್ತೆ ಒತ್ತಿದರು. ಮತ್ತೆ ಅದೇ.

“ಮೇಷ್ಟ್ರೇ, ಇದು...”

“ಅದು ಹಂಗೇನೇ.”

“ಯಾವಾಗ್ಲಿಂದ?”

“ನೀನು ಬರೋಕೆ ಮುಂಚಿಂದ.”

“ಅಂದ್ರೆ... ತಿರುವು?”

“ಹೂಂ.”

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಅಷ್ಟು ವರ್ಷ ಆ ಕೈ ಕಲಿತದ್ದು ಏನನ್ನು? ನಾನೇನಾದರೂ ಅವನ ಜಾಗದಲ್ಲಿದ್ದಿದ್ದರೆ ಒಂದು ಭಾಷಣವನ್ನೇ ಮಾಡುತ್ತಿದ್ದೆ. ಅವನು ಮೇಷ್ಟ್ರ ಮುಖ ನೋಡದೆ, “ಇದೊಂದು ಬಿಡಿ ಮೇಷ್ಟ್ರೇ. ಪಕ್ಕದ ಸ್ವರನೇ ಕೀಬೋರ್ಡಲ್ಲಿ ಎಳ್ದು ನಿ ಮಾಡ್ಕತೀನಿ. ಯಾರ್‌ಗೂ ಗೊತ್ತಾಗಲ್ಲ” ಅಂದ.

“ನೀನು ಏನಾರ ಮಾಡ್ಕ. ನಾನು ಕೊಡೋದು ಕೊಟ್ಬುಡ್ತೀನಿ. ಹಾಕ್ಕೋ ಅದನ್ನ ಕಿವಿಗೆ.”

ಅಣ್ಣ ಹೆಡ್‌ಫೋನ್ ಹಾಕಿಕೊಂಡ. ಮೇಷ್ಟ್ರು ತಿದಿಯನ್ನು ಪೂರ್ತಿ ಬಿಚ್ಚುವವರೆಗೆ ಆ ‘ನಿ’ಯನ್ನು ಎಳೆದರು. ಪೂರ್ತಿ ಮುಚ್ಚುವವರೆಗೆ ಒತ್ತಿದರು. ಬೇರೆ ಯಾವ ಸ್ವರವನ್ನೂ ಅಷ್ಟು ಉದ್ದ ಕೊಟ್ಟಿರಲಿಲ್ಲ. ಅಮ್ಮಾವ್ರು ಒಳಗೆ ಹೋದರು. ಆಮೇಲೆ ಮೇಷ್ಟ್ರು ‘ಸ’ಕ್ಕೆ ಹೋದರು, ಕೆಲಸ ಮುಂದುವರಿಯಿತು.

ಅಣ್ಣ ಗಂಟು ಕಟ್ಟಿಕೊಂಡು ಹೋದ ಮೇಲೆ ನಾನು ಕೇಳಿದೆ: “ಯಾಕೆ ಕೊಟ್ರಿ ಮೇಷ್ಟ್ರೇ? ಇನ್ಮೇಲೆ ಕಾರ್ಯಕ್ರಮಕ್ಕೆ ಅವನನ್ನೇ ಕರೀತಾರೆ. ನಿಮ್ಮನ್ನ ಯಾರು ಕರೀತಾರೆ?”

ಅವರು ಅಕ್ಕಿ ಗಂಟುಗಳನ್ನು ಮೂಲೆಗಿಡುತ್ತ, “ನಿಮ್ ಚರ್ಚಾ ಸ್ಪರ್ಧೇಲಿ ಟೈಮ್ ಆದ್ರೆ ಗಂಟೆ ಹೊಡೀತಾರಲ್ಲ, ಹೊಡೆದ್ರೆ ನೀನು ಏನ್ಮಾಡ್ತೀಯ?” ಅಂದರು.

“ಆಡ್ತಿದ್ದ ವಾಕ್ಯ ಮುಗಿಸ್ತೀನಿ.”

“ಹೂಂ. ಅಷ್ಟೇ.”



ನಾನು ಹೇಳಿದ ಹಾಗೇ ಆಯಿತು. ಮದುವೆ, ಗಣಪತಿ, ರಾಜ್ಯೋತ್ಸವ ಎಲ್ಲದಕ್ಕೂ ಆರ್ಕೆಸ್ಟ್ರಾ ಅಣ್ಣನೇ. ಒಮ್ಮೆ ಸಕಲೇಶಪುರದಲ್ಲೇ ಮೇಷ್ಟ್ರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು; ಪಕ್ಕದಲ್ಲೇ ಅಣ್ಣ ಕೀಬೋರ್ಡಿನಲ್ಲಿ ಮೇಷ್ಟ್ರ ರೈಲು ನುಡಿಸಿದ. ಮೇಷ್ಟ್ರ ನಾದ, ಮೇಷ್ಟ್ರ ರೈಲು, ಮೇಷ್ಟ್ರು ಮಾತ್ರ ಕೈಕಟ್ಟಿ ಕೂತಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು. ಬಸ್‌ಸ್ಟ್ಯಾಂಡಿನ ಕಥೆ ಹುಟ್ಟಿದ್ದು ಅವತ್ತೇ ಇರಬೇಕು. ನೋಡಿದವರಿಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ. ತಾನಾಗಿ ಕೊಟ್ಟವರಿಗೆ ನೋವಾಗುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ವೇದಿಕೆ ಇಳಿದು ಬರುವಾಗ, ಹೇಗಿತ್ತು ಮೇಷ್ಟ್ರೇ ಅಂತ ನಾನು ಕೇಳಿದ್ದಕ್ಕೆ, “ಚೆನ್ನಾಗಿ ನುಡಿಸ್ದ. ಸ್ಟೇಷನ್ನಲ್ಲಿ ಉಸಿರು ಬಿಡಲ್ಲ ಅವನ ರೈಲು, ಅಷ್ಟೇಯ” ಅಂದರು.

ಅದಾದ ಮೇಲೂ ಅವರು ಪಾಠ ನಿಲ್ಲಿಸಲಿಲ್ಲ. ಆರ್ಕೆಸ್ಟ್ರಾ ಅಣ್ಣ ಮಾತ್ರ ಆ ಮಹಡಿ ಹತ್ತುವುದನ್ನು ಕಡಿಮೆ ಮಾಡಿದ. ಮೇಷ್ಟ್ರು ಹಲಗೆಯ ಮೇಲೆ, ಮರಿಯ ಮೇಲೆ ಹೊಸ ಮಕ್ಕಳಿಗೆ ಕಲಿಸಿದರು. ಹೊಸಬರಿಗೆ ಘಾಟಿ ತಿರುವು ಕಲಿಸಲಿಲ್ಲ. ‘ನಿ’ಯನ್ನು ನೇರ ಒತ್ತಿಸಿದರು. ನಾನು ಹಾಸನಕ್ಕೆ ಓದಲು ಹೋದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಕೊರಗಿನಿಂದಲ್ಲ, ಕಿಡ್ನಿಯಿಂದ. ಈ ಸಣ್ಣ ತಿದ್ದುಪಡಿಯನ್ನಾದರೂ ಜನ ಮಾಡಿಕೊಂಡರೆ ಸಂತೋಷ. ಅಮ್ಮಾವ್ರು ತಂಗಿಯ ಮನೆಗೆ ಹೋದರು. ಮಹಡಿ ಈಗ ಅಂಗಡಿಯ ಗೋದಾಮು. ದೊಡ್ಡ ಪೆಟ್ಟಿಗೆ ಅಮ್ಮಾವ್ರ ಹತ್ತಿರವೇ ಇದೆ. ಅಕ್ಕಿ ಇಡುವುದನ್ನು ನಿಲ್ಲಿಸಿದ್ದಾರೆ. ಹೋದ ಮಳೆಗಾಲದಲ್ಲಿ ನೋಡಲು ಹೋದಾಗ ಮುಚ್ಚಳ ತೆಗೆದು ತೋರಿಸಿದರು. ತಿದಿಯ ಮಡಿಕೆಗಳಲ್ಲಿ ಬೂಷ್ಟು. ನಾನು ಒಂದು ಕೀ ಒತ್ತಿ ಎಳೆದೆ. ಗಾಳಿ ಮಾತ್ರ ಬಂತು...

ಹಾಗಾದರೆ, ಹಳೇ ಹಾಡುಗಳ ನಡುವಿನ ತುಣುಕುಗಳನ್ನು ಬಿಟ್ಟರೆ, ಮೇಷ್ಟ್ರ ಅಕಾರ್ಡಿಯನ್ನಿನ ಸ್ವರ ಇವತ್ತು ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅದು ಒಂದೇ ಕಡೆ. ಊರವರು ಕಳ್ಳ ಅನ್ನುವವನ ಕೀಬೋರ್ಡಿನೊಳಗೆ.

ಮೊಬೈಲಿನ ಅಕ್ಕಿ ಹುರಿದ ಮಾರನೇ ವಾರ ಆಲೂರಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟದ ಹೊತ್ತಿಗೆ ಆರ್ಕೆಸ್ಟ್ರಾ ಅಣ್ಣನ ತಂಡವೇ ನುಡಿಸುತ್ತಿತ್ತು. ಕೀಬೋರ್ಡ್ ಹೊಸದು. ಆದರೆ ಹಳೇ ಹಾಡೊಂದರ ಆರಂಭಕ್ಕೆ ಅವನು ಅಕಾರ್ಡಿಯನ್ ನಾದಕ್ಕೆ ಬದಲಾಯಿಸಿದ ತಕ್ಷಣ ನನಗೆ ತಿಳಿಯಿತು, ಅದು ಕಂಪನಿಯವರು ಕೊಟ್ಟ ನಾದವಲ್ಲ. ಮಧ್ಯದ ‘ಗ’ ಎಬ್ಬಿಸಿದ ಮೇಲೆ ಏಳುವಂಥದ್ದು, ಕೊಂಚ ತಡ. ಹಳೆಯದರಿಂದ ಹೊಸದಕ್ಕೆ ದಾಟಿಸಿಕೊಂಡಿದ್ದಾನೆ. ನನ್ನ ಎಲೆಯ ಮುಂದೆ ಸಾರಿನವರು ಬಂದು ನಿಂತಿದ್ದರು, ನಾನು ಕೈ ಅಡ್ಡ ಹಿಡಿದು ಕೇಳುತ್ತಿದ್ದೆ. ಸ್ವರ ಏರಿತು, ‘ದ’ಕ್ಕೆ ಬಂತು. ಅಣ್ಣ ಸುತ್ತಿಕೊಂಡು ‘ಸ’ಕ್ಕೆ ಹೋದ. ಘಾಟಿ ತಿರುವು. ಇಳಿಯುವಾಗಲೂ ಬಳಸಿಕೊಂಡೇ ಇಳಿದ.

ಊಟ ಮುಗಿಸಿ ಹೋದೆ. ವೈರುಗಳನ್ನು ಮೊಣಕೈಗೆ ಸುತ್ತುತ್ತಿದ್ದ. ತಲೆಯಲ್ಲಿ ಬಿಳಿ ಕೂದಲು ಬಂದಿದೆ.

“ಓಹೋ, ಲಾಯರಮ್ಮ! ಊಟ ಆಯ್ತೇನೇ?”

“ಆಯ್ತಣ್ಣ. ಒಂದು ಕೀ ಒತ್ತಿ ತೋರಿಸ್ತೀಯಾ? ಮೇಲಿನ ನಿ.”

ಸುತ್ತುತ್ತಿದ್ದ ಕೈ ನಿಂತಿತು. ಆಮೇಲೆ ಮತ್ತೆ ಸುತ್ತತೊಡಗಿತು. “ಕರೆಂಟ್ ತೆಗ್ದಾಯ್ತಲ್ಲೇ” ಅಂದ. ನಕ್ಕ. ಪ್ಲಗ್ಗು ಗೋಡೆಯಲ್ಲೇ ಇತ್ತು, ಕೀಬೋರ್ಡಿನ ಕೆಂಪು ದೀಪ ಉರಿಯುತ್ತಿತ್ತು. ಅದನ್ನು ನಾನೂ ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ. ವ್ಯಾನಿನವನು ಹಾರ್ನ್ ಹೊಡೆದ.

ಕದ್ದಿಲ್ಲ ಅಂತ ನಿನ್ನ ಪರವಾಗಿ ಇಷ್ಟು ಹೊತ್ತು ವಾದಿಸಿದ್ದೇನೆ ಅಣ್ಣ. ಸಾಕ್ಷಿಯೂ ನಾನೇ ಆದ್ದರಿಂದ ಈ ಕೇಸು ನಿಲ್ಲುತ್ತದೆ. ಆದರೆ ಕೊಟ್ಟದ್ದನ್ನು ತೆಗೆದುಕೊಂಡೆಯಾ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ಪಕ್ಕದ ಸ್ವರ ಎಳೆದು ಮಾಡಿಕೊಂಡ ನಯವಾದ ‘ನಿ’ ಅಲ್ಲಿದ್ದರೆ, ಅದನ್ನು ಬಿಟ್ಟು ಸುತ್ತಿಕೊಂಡು ಹೋಗುವ ಅಗತ್ಯವೇ ನಿನಗಿಲ್ಲ. ಇಲ್ಲ, ಅದು ಬರೀ ಕೈಯ ಅಭ್ಯಾಸ ಅನ್ನುತ್ತೀಯಾ? ಇರಬಹುದು. ನಾನು ಎರಡು ಪಕ್ಷವನ್ನೂ ವಾದಿಸಿ ನೋಡಿದ್ದೇನೆ, ತೀರ್ಪು ಬರುವುದಿಲ್ಲ. ಜನರಿಲ್ಲದ ಹೊತ್ತಿನಲ್ಲಿ ನೀನು ಆ ಕೀ ಒತ್ತಿದರೆ, ಅಣ್ಣ, ಏನು ಕೇಳಿಸುತ್ತದೆ: ನೀನು ಮಾಡಿಕೊಂಡ ‘ನಿ’ಯಾ, ಅವರು ತಿದಿ ಪೂರ್ತಿ ಬಿಚ್ಚಿ ಕೊಟ್ಟದ್ದಾ?